ಬಯೋಚಾರ್ ಮಾಡಿ ಮಣ್ಣಿಗೆ ಹಾಕುವ ಮುಂಚೆ ಏನು ಮಾಡಬೇಕು? ಇಸ್ತ್ರಿ ಅಂಗಡಿ ಇದ್ದಿಲು ನಡೆಯುತ್ತದಾ?

ತಾರಸಿ ಬದನೆ, ಮೈಸೂರು

ಎಲ್ಲರಿಗೂ ನಮಸ್ಕಾರ. ತಾರಸಿ ಮೇಲೆ ಗ್ರೋ ಬ್ಯಾಗಿನಲ್ಲಿ ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಬೆಳೆಯುತ್ತಿದ್ದೇನೆ. ಕೆಂಪು ಮಣ್ಣು, ಕೊಕೊಪೀಟ್, ಎರೆಗೊಬ್ಬರ ಸೇರಿಸಿದ ಮಿಶ್ರಣ. ಬಯೋಚಾರ್, ಅಂದರೆ ಮಣ್ಣಿಗೆ ಸೇರಿಸುವ ಇದ್ದಿಲು, ಹಾಕಿದರೆ ನೀರೂ ಗೊಬ್ಬರವೂ ಮಣ್ಣಲ್ಲೇ ನಿಲ್ಲುತ್ತವೆ ಅಂತ ಓದಿ ಯೂಟ್ಯೂಬಲ್ಲಿ ಹುಡುಕಿದೆ. ಬಂದಿದ್ದೆಲ್ಲ ಅಮೆರಿಕ, ಕೆನಡಾದ ಗಾಂಜಾ ಬೆಳೆಗಾರರ ವೀಡಿಯೊಗಳೇ! ಸಾವಯವದಲ್ಲಿ ಗಾಂಜಾ ಬೆಳೆಯೋದು ಅಲ್ಲಿ ದೊಡ್ಡ ವಿದ್ಯೆಯೇ ಆಗಿದೆ. ಬಯೋಚಾರನ್ನು "ಚಾರ್ಜ್" ಮಾಡಬೇಕು ಅಂತ ಮೀನಿನ ರಸ, ಕಡಲ ಪಾಚಿ ಪುಡಿ, ಇನ್ನೂ ಏನೇನೋ ಡಬ್ಬಿಗಳಿಂದ ಸುರಿಯುತ್ತಾರೆ. ಆ ಡಬ್ಬಿಗಳ ಬೆಲೆ ನೋಡಿದರೆ ಬದನೆಕಾಯಿ ಸಂತೆಯಲ್ಲಿ ತರೋದೇ ವಾಸಿ ಅನ್ನಿಸಿತು.

ನನಗೆ ಗಾಂಜಾ ಬೇಡ, ಬದನೆ ಸಾಕು. ಈ ಚಾರ್ಜ್ ಮಾಡೋದು ನಿಜಕ್ಕೂ ಬೇಕಾ? ನಮ್ಮಲ್ಲಿ ಸಿಗುವ ಸಾಮಾನಿನಲ್ಲೇ ಆಗುತ್ತದಾ? ಊರಲ್ಲಿ ಅಪ್ಪನ ಸಣ್ಣ ತೋಟವಿದೆ. ಅಲ್ಲಿ ಬಿದ್ದಿರುವ ಕಟ್ಟಿಗೆಯಲ್ಲಿ ಮಾಡಿಕೊಂಡು ಬರಬಹುದಾ? ಅಥವಾ ನಮ್ಮ ಬೀದಿಯ ಇಸ್ತ್ರಿ ಅಂಗಡಿಯಿಂದ ಇದ್ದಿಲು ಕೊಂಡು ಕುಟ್ಟಿ ಹಾಕಿದರೆ ಆಗುತ್ತದಾ?

ಕೊಟ್ಟಿಗೆ ಮನೆ, ತಿಪಟೂರು

ಚಾರ್ಜ್ ಮಾಡೋದು ಬೇಕು. ಅದೊಂದು ವಿಷಯದಲ್ಲಿ ಗಾಂಜಾದವರು ಹೇಳೋದು ಸರಿ. ಹಸಿ ಇದ್ದಿಲು ಹಸಿದ ಎಮ್ಮೆ ಇದ್ದ ಹಾಗೆ. ನೇರ ಗಿಡದ ಬುಡಕ್ಕೆ ಬಿಟ್ಟರೆ ಗಿಡದ ಪಾಲಿಗೇ ಬಾಯಿ ಹಾಕುತ್ತದೆ. ಒಳಗೆಲ್ಲ ಕಣ್ಣಿಗೆ ಕಾಣದ ತೂತುಗಳು. ಚೆನ್ನಾಗಿ ಬೆಂದ ಒಂದು ಗ್ರಾಂ ಕಟ್ಟಿಗೆ ಇದ್ದಿಲಿನ ಒಳಮೈ ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್ ಆಗುತ್ತದೆ. ಅದು ಖಾಲಿ ಇದ್ದರೆ ಮಣ್ಣಲ್ಲಿರುವ ಸಾರಜನಕವನ್ನು ಮೊದಲು ತಾನು ಹಿಡಿದುಕೊಳ್ಳುತ್ತದೆ. ಸ್ವಲ್ಪ ದಿನ ಗಿಡ ಹಳದಿ ತಿರುಗುತ್ತದೆ. ಅದಕ್ಕೇ ಮೊದಲು ಹೊಟ್ಟೆ ತುಂಬಿಸಿ ಆಮೇಲೆ ಮಣ್ಣಿಗೆ ಬಿಡೋದು.

ಡಬ್ಬಿ ಏನೂ ಬೇಡ. ನಾನು ಮಾಡೋದು ಹೇಳುತ್ತೇನೆ.

ನಮ್ಮದು ತೆಂಗಿನ ತೋಟ, ಜೊತೆಗೆ ಹಸು. ಚಿಪ್ಪನ್ನು ನಾನು ಸುಡೋದಿಲ್ಲ. ಕೊಬ್ಬರಿ ಒಡೆದ ಮೇಲೆ ಚಿಪ್ಪಿಗೆ ವ್ಯಾಪಾರಿಗಳು ಮನೆ ಬಾಗಿಲಿಗೇ ಬಂದು ದುಡ್ಡು ಕೊಡುತ್ತಾರೆ. ಕಾರ್ಖಾನೆಗೆ ಹೋಗುವ ಮಾಲನ್ನು ಗುಂಡಿಯಲ್ಲಿ ಸುಟ್ಟು ಏನು ಪ್ರಯೋಜನ? ನಾನು ಸುಡೋದು ಒಣಗಿದ ಎಡೆಮಟ್ಟೆ, ಬೇಲಿ ಸವರಿದ ಕಟ್ಟಿಗೆ, ತೊಗರಿ ಕಡ್ಡಿ, ಬಳ್ಳಾರಿ ಜಾಲಿ. ಏನಾದರೂ ಸರಿ, ಚೆನ್ನಾಗಿ ಒಣಗಿರಬೇಕು. ದಪ್ಪ ಹೆಚ್ಚುಕಡಿಮೆ ಒಂದೇ ಇರಬೇಕು. ಹೆಬ್ಬೆರಳಿನಿಂದ ಮಣಿಕಟ್ಟಿನಷ್ಟು ದಪ್ಪ ಒಳ್ಳೆಯದು.

ಸುಡೋದು ಗುಂಡಿಯಲ್ಲಿ. ಅದರ ಬಾಯಿ ನಾಲ್ಕು ಅಡಿ ಅಗಲ, ಆಳ ಎರಡೂವರೆ ಅಡಿ. ಕೆಳಗೆ ಹೋಗುತ್ತಾ ಕಿರಿದಾಗಬೇಕು. ತಳದಲ್ಲಿ ಸೋಗೆ, ಪುಳ್ಳೆ ಹಾಕಿ ಮೇಲಿನಿಂದ ಬೆಂಕಿ ಕೊಡಿ. ಕೆಳಗಿನಿಂದ ಹಚ್ಚಿದರೆ ಬರೀ ಹೊಗೆ. ಉರಿ ಚೆನ್ನಾಗಿ ಹತ್ತಿದ ಮೇಲೆ ಒಂದು ಪದರ ಕಟ್ಟಿಗೆ ಹರಡಿ. ಆ ಪದರದ ಮೇಲೆ ತೆಳ್ಳಗೆ ಬಿಳಿ ಬೂದಿ ಕಾಣಿಸಿಕೊಂಡ ತಕ್ಷಣ ಮುಂದಿನ ಪದರ ಹಾಕಿ. ಇಡೀ ಕೆಲಸದ ಗುಟ್ಟು ಇಷ್ಟೇ. ಮೇಲಿನ ಜ್ವಾಲೆ ಗಾಳಿಯಲ್ಲಿರುವ ಆಮ್ಲಜನಕವನ್ನೆಲ್ಲ ತಾನೇ ತಿಂದುಬಿಡುತ್ತದೆ, ಕೆಳಗಿನ ಕೆಂಡಕ್ಕೆ ಸಿಗೋದಿಲ್ಲ, ಹಾಗಾಗಿ ಅದು ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ಬೇಗ ಹಾಕಿದರೆ ಹೊಗೆ. ತಡ ಮಾಡಿದರೆ ಬೂದಿ. ಪಕ್ಕದಲ್ಲೇ ನಿಂತಿರಬೇಕು, ಫೋನ್ ನೋಡುತ್ತಾ ಕೂರುವ ಕೆಲಸ ಅಲ್ಲ. ಗುಂಡಿ ತುಂಬಲು ಎರಡು ಮೂರು ಗಂಟೆ ಹಿಡಿಯುತ್ತದೆ. ನೂರು ಕೆಜಿ ಒಣ ಕಟ್ಟಿಗೆಗೆ ಇಪ್ಪತ್ತು ಕೆಜಿ ಇದ್ದಿಲು ಸಿಕ್ಕರೆ ಚೆನ್ನಾಗಿ ಮಾಡಿದ್ದೀರಿ ಅಂತ.

ಕೊನೆಗೆ ನೀರು. ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಹಿಡಿಸುತ್ತದೆ. ಮೇಲೆ ಆರಿದಂತೆ ಕಂಡರೂ ಒಳಗೆ ಕೆಂಡ ಇರುತ್ತದೆ. ಸಲಿಕೆಯಲ್ಲಿ ತಿರುವಿ ಮತ್ತೆ ಸುರಿಯಿರಿ. ಆ ರಾತ್ರಿ ಹುಲ್ಲಿನ ಬಣವೆಯಿಂದ ದೂರ, ಬಯಲಲ್ಲಿ ಹರಡಿರಬೇಕು. ಚೀಲಕ್ಕೆ ತುಂಬಿ ಕೊಟ್ಟಿಗೆಯಲ್ಲಿ ಇಡಬೇಡಿ. ಆರಿಸಲು ಗಂಜಲ ಸುರಿಯುವವರೂ ಇದ್ದಾರೆ. ಕಾದ ಕೆಂಡದ ಮೇಲೆ ಗಂಜಲ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಮೂಗಿಗೆ ಹೊಡೆದು ಹೋಗುತ್ತದೆ, ಸುಮ್ನೆ ನಷ್ಟ. ಮೊದಲು ನೀರಲ್ಲಿ ಆರಿಸಿ, ಗಂಜಲ ಆಮೇಲೆ.

ಬೆಂದಿದೆಯಾ ಅಂತ ನೋಡಲು ಒಂದು ತುಂಡನ್ನು ಅಂಗೈಗೆ ಉಜ್ಜಿ. ಬರೀ ನೀರಲ್ಲಿ ಕರಿ ಹೋದರೆ ಸರಿ. ಜಿಡ್ಡು ಅಂಟಿ ಸೋಪು ಬೇಕಾಯಿತು ಅಂದರೆ ಒಳಗೆ ಟಾರ್ ಉಳಿದಿದೆ, ಅದನ್ನು ಮುಂದಿನ ಗುಂಡಿಗೆ ಹಾಕಿ.

ಹೊಟ್ಟೆ ತುಂಬಿಸೋದು: ನಮ್ಮಲ್ಲಿ ಹಸುಗಳ ಹಿಂದಿನ ಗಂಜಲದ ಕಾಲುವೆಯಲ್ಲಿ ದಿನಾ ಒಂದು ಬುಟ್ಟಿ ಇದ್ದಿಲ ಪುಡಿ ಹರಡುತ್ತೇನೆ. ಬೆಳಿಗ್ಗೆ ಸಗಣಿ ಬಾಚುವಾಗ ಅದೂ ಸೇರಿ ತಿಪ್ಪೆಗೆ ಹೋಗುತ್ತದೆ. ಎರಡು ಮೂರು ತಿಂಗಳು ತಿಪ್ಪೆಯಲ್ಲಿ ಕೊಳೆತ ಮೇಲೆ ತೋಟಕ್ಕೆ. ಬೇರೆ ಕೆಲಸವೇ ಇಲ್ಲ. ಕೊಟ್ಟಿಗೆಯ ಗಬ್ಬು ಕಡಿಮೆಯಾಗಿದ್ದು ಲಾಭ, ನಮ್ಮ ಅತ್ತೆ ಈಗ ಇದ್ದಿಲು ಮುಗಿದರೆ ತಾವೇ ನೆನಪಿಸುತ್ತಾರೆ.

ನಿಮಗೆ ಕೊಟ್ಟಿಗೆ ಇಲ್ಲ, ಅಲ್ವಾ? ಹಾಗಾದರೆ ಒಂದು ಬಕೆಟ್ ಪುಡಿಗೆ ಒಂದು ಬಕೆಟ್ ಎರೆಗೊಬ್ಬರ ಬೆರೆಸಿ, ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಹಿಟ್ಟು ನೀರಲ್ಲಿ ಕಲಸಿ ಹುಳಿಸಿದ್ದು) ಚಿಮುಕಿಸಿ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಬಿಟ್ಟರೆ ಉಂಡೆ ಒಡೆಯಬಾರದು. ಡ್ರಮ್ಮಿನಲ್ಲಿ ಹಾಕಿ ಗೋಣಿ ಮುಚ್ಚಿ ನೆರಳಲ್ಲಿಡಿ. ವಾರಕ್ಕೊಮ್ಮೆ ತಿರುವಿ ಒಣಗಿದ್ದರೆ ಮತ್ತೆ ಚಿಮುಕಿಸಿ. ಮೂರು ನಾಲ್ಕು ವಾರ ಸಾಕು. ಆಮೇಲೆ ಹತ್ತು ಪಾಲು ಕುಂಡದ ಮಣ್ಣಿಗೆ ಒಂದು ಪಾಲು. ಅದಕ್ಕಿಂತ ಜಾಸ್ತಿ ಹಾಕಲೇಬೇಡಿ.

ಮಣ್ಣು ಪರೀಕ್ಷೆ, ರಾಯಚೂರು

ಮೇಡಂ ಚೆನ್ನಾಗಿ ಹೇಳಿದ್ದಾರೆ. ನಾನು ಒಂದು ಮಾತು ಸೇರಿಸುತ್ತೇನೆ, ಅದು ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ. 7ಕ್ಕಿಂತ ಕಡಿಮೆ ಇದ್ದರೆ ಹುಳಿ, ಜಾಸ್ತಿ ಇದ್ದರೆ ಕ್ಷಾರ.

ಗಾಂಜಾದವರ ಕುಂಡದಲ್ಲಿ ಸಾಮಾನ್ಯವಾಗಿ ಇರೋದು ಪೀಟ್ ಮಾಸ್, ಜೌಗು ನೆಲದಲ್ಲಿ ಅರೆಕೊಳೆತ ಪಾಚಿ. ಅದು ಹುಳಿ, ಪಿಎಚ್ ನಾಲ್ಕರ ಹತ್ತಿರ. ಸುಣ್ಣ ಹಾಕಿ ಸರಿ ಮಾಡುತ್ತಾರೆ. ಕಟ್ಟಿಗೆ ಇದ್ದಿಲು ಕ್ಷಾರ, ಬೂದಿ ಸೇರಿದ್ದರೆ 9, 10ಕ್ಕೂ ಹೋಗುತ್ತದೆ. ಹುಳಿ ಪೀಟಿಗೆ ಕ್ಷಾರದ ಇದ್ದಿಲು ಸೇರಿದರೆ ಅವರಿಗೆ ಒಳ್ಳೆಯದೇ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೂ ಒಳ್ಳೆಯದು. ಬಯೋಚಾರ್ ಕಥೆ ಶುರುವಾಗಿದ್ದೇ ಅಮೆಜಾನ್ ಕಾಡಿನ ಹುಳಿ ಮಣ್ಣಿನಿಂದ. ಅಲ್ಲಿನ ಹಳೆಯ ಜನ ಇದ್ದಿಲು, ಮೂಳೆ, ಅಡುಗೆ ಕಸ ಸೇರಿಸಿ ಮಾಡಿದ ಕಪ್ಪು ಮಣ್ಣು ಇವತ್ತಿಗೂ ಫಲವತ್ತಾಗಿದೆ.

ನಮ್ಮ ಕಡೆಯ ಎರೆಭೂಮಿಯ ಪಿಎಚ್ ಮೊದಲೇ 8 ದಾಟಿರುತ್ತದೆ. ಅಲ್ಲಿಗೆ ಬೂದಿ ಸಮೇತ ಇದ್ದಿಲು ಸುರಿದರೆ ಕಬ್ಬಿಣ, ಸತು ಗಿಡಕ್ಕೆ ಸಿಗೋದು ಇನ್ನೂ ಕಷ್ಟ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಕಂಡರೆ ಅದೇ. ಇಲ್ಲಿ ಎಲ್ಲ ಕಡೆ ಬಳ್ಳಾರಿ ಜಾಲಿ ಇದೆ, ಸುಟ್ಟು ಹೊಲಕ್ಕೆ ಹಾಕಿ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಮಣ್ಣು ಪರೀಕ್ಷೆಯ ಚೀಟಿ ತೋರಿಸಿ ಅನ್ನುತ್ತೇನೆ.

ಮೈಸೂರಿನವರು ಬೋರ್‌ವೆಲ್ ಗಡಸು ನೀರು ಹಾಕುತ್ತಿದ್ದರೆ ಇದನ್ನು ಲೆಕ್ಕಕ್ಕೆ ತಗೊಳ್ಳಿ. ಇದ್ದಿಲನ್ನು ಒಂದೆರಡು ಸಲ ನೀರಲ್ಲಿ ಮುಳುಗಿಸಿ ಬಸಿದರೆ ಬೂದಿಯ ಕ್ಷಾರ ಸಾಕಷ್ಟು ಹೋಗುತ್ತದೆ. ಚಾರ್ಜ್ ಮಾಡೋದು ಆಮೇಲೆ. ಜೊತೆಗೆ ಪೊಟ್ಯಾಷೂ ಸ್ವಲ್ಪ ಹೋಗುತ್ತದೆ, ಹೋಗಲಿ ಬಿಡಿ.

ಉಮಿಕರಿ, ಉಡುಪಿ

ನಮ್ಮ ಅಜ್ಜಿ ಹಲ್ಲುಜ್ಜುತ್ತಿದ್ದ ಉಮಿಕರಿ ಈಗ ಬಯೋಚಾರ್ ಅಂತ ಹೆಸರು ಬದಲಿಸಿ ಬಂದಿದೆ 😀

ಭತ್ತದ ಉಮಿ ಸುಟ್ಟ ಕರಿ ಸಸಿ ಟ್ರೇಗೆ ತುಂಬಾ ಚೆನ್ನಾಗಿರುತ್ತದೆ. ಹಗುರ, ಕುಟ್ಟುವ ಕೆಲಸವೇ ಇಲ್ಲ. ಅಕ್ಕಿ ಗಿರಣಿ ಬಾಯ್ಲರಿನಿಂದ ಬರುವ ಬೂದು ಬಣ್ಣದ್ದು ಬೇರೆ. ಅದು ಬೂದಿ, ಇಂಗಾಲ ಬಹುಪಾಲು ಉರಿದುಹೋಗಿದೆ. ಕಪ್ಪಗೆ ಇದ್ದರೆ ಮಾತ್ರ ತನ್ನಿ. ಎರಡರಲ್ಲೂ ಸಿಲಿಕಾ ಇದೆ. ಒಣಗಿದ್ದನ್ನು ಗಾಳಿಗೆ ಹಾರಿಸಬೇಡಿ, ನೀರು ಚಿಮುಕಿಸಿ ಮಾಸ್ಕ್ ಹಾಕಿಕೊಂಡೇ ಮುಟ್ಟಿ.

ನಂಜನಗೂಡು ರಸ್ತೆ

ಮೈಸೂರಿನವರೇ ಕೇಳುತ್ತಿರುವುದರಿಂದ ಹೇಳುತ್ತಿದ್ದೇನೆ. ಅನಿಲ ಒಲೆ ಗೊತ್ತಾ? ಯು. ಎನ್. ರವಿಕುಮಾರ್ ಅವರು ಮೈಸೂರಿನ ಎನ್‌ಐಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ರೂಪಿಸಿದ್ದು. ಒಂದರೊಳಗೊಂದು ಎರಡು ಉರುಳೆ. ಒಳಗೆ ಕಟ್ಟಿಗೆ ಉರಿಯುತ್ತದೆ, ಸುತ್ತಲಿನ ಜಾಗದಲ್ಲಿ ಹೊಟ್ಟು, ಸಿಪ್ಪೆ, ತರಗು ತುಂಬಬೇಕು. ಕಾದಾಗ ಅದರಿಂದ ಹೊರಡುವ ಅನಿಲ ತಳದ ತೂತುಗಳಿಂದ ಒಳಗಿನ ಉರಿಗೇ ಬಂದು ಸೇರುತ್ತದೆ. ಅಡುಗೆಯೂ ಆಯಿತು, ಸುತ್ತ ತುಂಬಿದ್ದು ಇದ್ದಿಲೂ ಆಯಿತು. ಗುಂಡಿ ತೋಡಲು ಜಾಗ ಇಲ್ಲದವರಿಗೆ ಈ ದಾರಿ.

ತಾರಸಿ ಬದನೆ, ಮೈಸೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮಲ್ಲಿ ಬೋರ್ ನೀರೇ, ಹಾಗಾಗಿ ತೊಳೆದೇ ಹಾಕುತ್ತೇನೆ. ಅಕ್ಕಾ, ಇಸ್ತ್ರಿ ಇದ್ದಿಲಿನ ಪ್ರಶ್ನೆ ಉಳಿದೇ ಹೋಯಿತು. ಕುಟ್ಟೋದು ಎಷ್ಟು ಸಣ್ಣಗೆ?

ಕೊಟ್ಟಿಗೆ ಮನೆ, ತಿಪಟೂರು

ಮರೆತೆ ನೋಡಿ. ಇಸ್ತ್ರಿಯವರ ಹತ್ತಿರ ಸಿಗೋದು ಕಟ್ಟಿಗೆ ಇದ್ದಿಲೇ ಆದರೆ ಧಾರಾಳವಾಗಿ ತಗೊಳ್ಳಿ, ಅಂಗೈಗೆ ಉಜ್ಜಿ ನೋಡಿ. ಮುರಿದರೆ ಒಳಗೆ ಮರದ ಎಳೆ ಕಾಣಬೇಕು. ಬಾರ್ಬೆಕ್ಯೂಗೆ ಅಂತ ಮಾರುವ ಅಚ್ಚು ಹಾಕಿದ ಉಂಡೆ ಬೇಡ, ಅಂಟು ಏನು ಹಾಕಿದ್ದಾರೋ ಯಾರಿಗೆ ಗೊತ್ತು. ಚೀಲದ ತಳದ ಪುಡಿಯನ್ನು ಅವರು ಹೇಗೂ ಎಸೆಯುತ್ತಾರೆ, ಕೇಳಿದರೆ ಪುಕ್ಕಟೆ ಕೊಡಬಹುದು.

ಒದ್ದೆ ಮಾಡಿ ದಪ್ಪ ಗೋಣಿಯಲ್ಲಿ ಕಟ್ಟಿ, ಮರದ ಕೊಡತಿಯಲ್ಲಿ ಬಡಿಯಿರಿ. ಅಕ್ಕಿ ಕಾಳಿನಿಂದ ಬಟಾಣಿ ಗಾತ್ರದವರೆಗೆ ಇದ್ದರೆ ಸಾಕು. ತೀರಾ ನುಣ್ಣಗೆ ಮಾಡಿದರೆ ಗ್ರೋ ಬ್ಯಾಗಿನ ತೂತು ಮುಚ್ಚಿ ನೀರು ಕಟ್ಟಿಕೊಳ್ಳುತ್ತದೆ. ಎಲ್ಲ ಬ್ಯಾಗಿಗೂ ಒಮ್ಮೆಲೇ ಹಾಕಬೇಡಿ. ಬದನೆಯ ಅರ್ಧ ಬ್ಯಾಗಿಗೆ ಮಾತ್ರ ಹಾಕಿ, ಉಳಿದರ್ಧ ಹಾಗೇ ಬಿಡಿ, ಬೇಸಿಗೆಯಲ್ಲಿ ಯಾವುದು ಮೊದಲು ಬಾಡುತ್ತದೆ ಅಂತ ಇಲ್ಲೇ ಬಂದು ಬರೆಯಿರಿ.