ಮಿನ್ನೆಸೋಟ ಸ್ಟೇಟ್ ಫೇರ್‌ನ ಕೈಕೆಲಸದ ಪ್ರದರ್ಶನ: ಗೆಳತಿಯರೊಡನೆ ಒಂದೇ ದಿನದಲ್ಲಿ ನೋಡುವುದು ಹೇಗೆ?

ಪ್ರಶ್ನೆ: ಧಾರವಾಡದ ದಾರ

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳತಿಯರು ಈ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ವಾರ್ಷಿಕ ಮೇಳವಾದ ಮಿನ್ನೆಸೋಟ ಸ್ಟೇಟ್ ಫೇರ್‌ಗೆ ಹೋಗಬೇಕೆಂದು ನಿಶ್ಚಯಿಸಿದ್ದೇವೆ. ಈ ಮೇಳದ ಬಗ್ಗೆ ಯಾರನ್ನು ಕೇಳಿದರೂ ಚೀಸ್ ಕರ್ಡ್ಸ್, ಕಾರ್ನ್ ಡಾಗ್, ದೊಡ್ಡ ತಿರುಗುಚಕ್ರ ಎನ್ನುತ್ತಾರೆಯೇ ಹೊರತು, ಅಲ್ಲಿನ ಕೈಕೆಲಸದ ಪ್ರದರ್ಶನದ ಕುರಿತು ವಿವರವಾಗಿ ಹೇಳುವವರು ಸಿಗುತ್ತಿಲ್ಲ. ನನಗೂ ಇನ್ನೊಬ್ಬ ಗೆಳತಿಗೂ ಹೊಲಿಗೆ, ಹೆಣಿಗೆ, ಕಸೂತಿಯಲ್ಲಿ ಆಸಕ್ತಿಯಿದೆ. ಉಳಿದಿಬ್ಬರು ತಿಂಡಿಗೂ ಸುತ್ತಾಟಕ್ಕೂ ಬರುವವರು. ಯಾರಿಗೂ ಬೇಸರವಾಗದಂತೆ ಒಂದು ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು, ಯಾವ ಕಟ್ಟಡಕ್ಕೆ ಮೊದಲು ಹೋಗಬೇಕು ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಜೊತೆಗೆ ಇನ್ನೊಂದು ಸಂದೇಹ. ನನ್ನ ಗೆಳತಿ ಊರಿನಲ್ಲಿ ಅಜ್ಜಿಯಿಂದ ಕಲಿತ ಕಸೂತಿಯನ್ನು ಇಂದಿಗೂ ಹಾಕುತ್ತಾಳೆ. ಅಂಥ ಕೆಲಸವನ್ನು ಅಲ್ಲಿನ ಸ್ಪರ್ಧೆಗೆ ಕೊಡಲು ಅವಕಾಶವಿದೆಯೇ, ಇದ್ದರೆ ಅದು ಯಾವ ವಿಭಾಗದಲ್ಲಿ ಬರುತ್ತದೆ?

ಉತ್ತರ 1: ಸ್ನೆಲ್ಲಿಂಗ್ ನಿವಾಸಿ

ನಮಸ್ಕಾರ. ಮೊದಲು ಮೇಳದ ಗಾತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. 1859ರಲ್ಲಿ ಆರಂಭವಾದ ಈ ಮೇಳ 1885ರಿಂದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ನಡುವಿನ ಈಗಿನ ಜಾಗದಲ್ಲೇ ನಡೆಯುತ್ತಿದೆ. ಸೆಪ್ಟೆಂಬರ್‌ನ ಮೊದಲ ಸೋಮವಾರ ಬರುವ ಲೇಬರ್ ಡೇಗೆ ಮುಗಿಯುವಂತೆ 12 ದಿನ ನಡೆಯುತ್ತದೆ. 2019ರಲ್ಲಿ ಆ 12 ದಿನಗಳಲ್ಲಿ 21 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಆದ್ದರಿಂದ ಶನಿವಾರ, ಭಾನುವಾರಗಳನ್ನು ಬಿಟ್ಟು ವಾರದ ನಡುವಿನ ದಿನವನ್ನೇ ಆರಿಸಿಕೊಳ್ಳಿ. ಕಾರನ್ನು ಮೇಳದ ಬಾಗಿಲವರೆಗೆ ತರುವ ಆಸೆಯನ್ನು ಬಿಟ್ಟುಬಿಡಿ. ನಗರದ ಹಲವೆಡೆ ಉಚಿತ ಪಾರ್ಕ್ ಅಂಡ್ ರೈಡ್ ಜಾಗಗಳಿವೆ, ಅಂದರೆ ಕಾರನ್ನು ಅಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಮೇಳಕ್ಕೆ ಹೋಗಬಹುದು. ಸ್ನೆಲ್ಲಿಂಗ್ ಅವೆನ್ಯೂ ಮೇಲೆ ಓಡುವ ಎ ಲೈನ್ ಬಸ್ಸು ಕೂಡ ಮೇಳದ ಪಕ್ಕದಲ್ಲೇ ಇಳಿಸುತ್ತದೆ.

ನೀವು ನೋಡಬೇಕಾದದ್ದು ಮುಖ್ಯವಾಗಿ ಕ್ರಿಯೇಟಿವ್ ಆಕ್ಟಿವಿಟೀಸ್ ಕಟ್ಟಡ. ಕ್ವಿಲ್ಟು (ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆ), ಹೆಣೆದ ಸ್ವೆಟರು, ನೇಯ್ದ ಬಟ್ಟೆ, ಮರದ ಕೆತ್ತನೆ, ಗೊಂಬೆಗಳಿಂದ ಹಿಡಿದು ಬಾಟಲಿಯಲ್ಲಿ ತುಂಬಿಟ್ಟ ಉಪ್ಪಿನಕಾಯಿ, ಜಾಮುಗಳವರೆಗೆ ಎಲ್ಲವೂ ಅಲ್ಲಿ ಗಾಜಿನ ಕಪಾಟುಗಳಲ್ಲಿರುತ್ತವೆ. ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ. ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೋ ಮಳೆಗೋ ಹೆದರಿ ಒಳನುಗ್ಗುವವರಿಂದ ಕಪಾಟಿನ ಮುಂದೆ ನಿಲ್ಲಲು ಜಾಗವಿರುವುದಿಲ್ಲ. ಉಳಿದಿಬ್ಬರನ್ನು ಆ ಹೊತ್ತಿನಲ್ಲಿ ತಿಂಡಿಯ ಕಡೆಗೆ ಬಿಟ್ಟುಕೊಡುವುದೇ ಸ್ನೇಹಕ್ಕೆ ಕ್ಷೇಮ. ಕ್ವಿಲ್ಟಿನ ಮುಂದೆ ಕಾಲು ಗಂಟೆ ನಿಲ್ಲುವವರನ್ನೂ ಅರ್ಧ ನಿಮಿಷದಲ್ಲಿ ಮುಂದೆ ಹೋಗುವವರನ್ನೂ ಒಟ್ಟಿಗೆ ಕಟ್ಟಿಹಾಕಿದರೆ ಇಬ್ಬರ ದಿನವೂ ಹಾಳು.

ನೋಡುವಾಗ ಬಹುಮಾನದ ರಿಬ್ಬನ್ನುಗಳನ್ನಷ್ಟೇ ಹುಡುಕಬೇಡಿ. ನೀಲಿ ಮೊದಲನೆಯದು, ಕೆಂಪು ಎರಡನೆಯದು, ಬಿಳಿ ಮೂರನೆಯದು. ಒಂದೇ ವಿಭಾಗದಲ್ಲಿ ನೀಲಿ ಸಿಕ್ಕಿದ್ದನ್ನೂ ಏನೂ ಸಿಗದಿದ್ದನ್ನೂ ಹೋಲಿಸಿ ನೋಡಿದರೆ ತೀರ್ಪುಗಾರರು ಏನನ್ನು ಗಮನಿಸಿದ್ದಾರೆಂಬುದು ತಾನಾಗಿ ತಿಳಿಯುತ್ತದೆ: ಕ್ವಿಲ್ಟಿನ ಅಂಚು ಮೂಲೆಯಲ್ಲಿ ಎಷ್ಟು ಚೂಪಾಗಿ ತಿರುಗಿದೆ, ತುಂಡುಗಳ ತುದಿಗಳು ಒಂದಕ್ಕೊಂದು ಸರಿಯಾಗಿ ಸೇರಿವೆಯೇ, ಹೊಲಿಗೆಯ ಉದ್ದ ಉದ್ದಕ್ಕೂ ಸಮವಾಗಿದೆಯೇ. ಬಣ್ಣದ ಸೊಗಸಿಗಿಂತ ಕೈಯ ಶಿಸ್ತಿಗೆ ಅಲ್ಲಿ ಹೆಚ್ಚು ಬೆಲೆ ಎಂಬುದು ನನ್ನ ಅಭಿಪ್ರಾಯ. ಇದು ಎಲ್ಲರಿಗೂ ಒಪ್ಪಿಗೆಯಾಗಬೇಕೆಂದಿಲ್ಲ.

ಉತ್ತರ 2: ಅಗಸೆ ಚಟ್ನಿ

ಮೇಲಿನವರ ಮಾತು ಬಹುಮಟ್ಟಿಗೆ ಸರಿ. ಆದರೆ ಬೆಳಿಗ್ಗೆ ಮೊದಲು ಹೋಗಬೇಕಾದದ್ದು ಕ್ರಿಯೇಟಿವ್ ಆಕ್ಟಿವಿಟೀಸ್‌ಗೆ ಅಲ್ಲ, ಅಗ್ರಿಕಲ್ಚರ್ ಹಾರ್ಟಿಕಲ್ಚರ್ ಕಟ್ಟಡಕ್ಕೆ ಎಂಬುದು ನನ್ನ ವಾದ. ಬೀಜದ ಚಿತ್ರಗಳು, ಅಂದರೆ ಕ್ರಾಪ್ ಆರ್ಟ್, ಇರುವುದು ಅಲ್ಲಿ. ಕ್ವಿಲ್ಟುಗಳನ್ನು ಜನಸಂದಣಿಯಲ್ಲೂ ದೂರದಿಂದ ನೋಡಬಹುದು. ಬೀಜದ ಚಿತ್ರಗಳನ್ನು ಹಾಗೆ ನೋಡಿದರೆ ಪ್ರಯೋಜನವಿಲ್ಲ; ಅವನ್ನು ಗೇಣು ದೂರದಿಂದ ನೋಡಬೇಕು. ಹೊತ್ತೇರಿದರೆ ಅಲ್ಲಿ ಸಾಲು ನಿಂತು, ಹಿಂದಿನವರು ತಳ್ಳಿದಂತೆ ಮುಂದೆ ಹೋಗುತ್ತಿರಬೇಕಾಗುತ್ತದೆ.

ಎರಡು ಹೆಜ್ಜೆ ಹಿಂದೆ ನಿಂತಾಗ ಹೆಸರಾಂತ ಗಾಯಕನ ಮುಖವೋ ರಾಜಕೀಯ ವ್ಯಂಗ್ಯಚಿತ್ರವೋ ಆಗಿ ಕಾಣುವುದು, ಹತ್ತಿರ ಹೋದೊಡನೆ ಒಂದರ ಪಕ್ಕ ಒಂದರಂತೆ ಗೋಂದಿನಲ್ಲಿ ಅಂಟಿಸಿದ ಸಾವಿರಾರು ಬೀಜಗಳಾಗಿಬಿಡುತ್ತದೆ. ಕೂದಲಿನ ಕಂದು ಹೊಳಪು ಅಗಸೆಯದು, ಕಣ್ಣಿನ ಕಪ್ಪು ಕನೋಲಾ ಎಂಬ ಎಣ್ಣೆಬೀಜದ್ದು, ಕೆನ್ನೆಯ ತಿಳಿ ಬಣ್ಣ ಸಿರಿಧಾನ್ಯದ್ದು. ಅಗಸೆ ಬೀಜದ ತುದಿಗಳೆಲ್ಲ ಒಂದೇ ದಿಕ್ಕಿಗೆ ತಿರುಗಿ, ಬಾಚಿದ ಕೂದಲಿನ ಹಾಗೆ ಸಾಲುಗಟ್ಟಿರುವುದನ್ನು ಕಂಡರೆ, ಒಂದೊಂದನ್ನೂ ಕಡ್ಡಿಯ ತುದಿಯಿಂದ ಕೂರಿಸಿದವರ ತಾಳ್ಮೆ ಎಷ್ಟಿರಬಹುದೆಂದು ಅನ್ನಿಸದೆ ಇರದು. ಬಳಸುವ ಬೀಜಗಳು ಮಿನ್ನೆಸೋಟದಲ್ಲಿ ಬೆಳೆಯುವ ಬೆಳೆಗಳದ್ದೇ ಆಗಿರಬೇಕೆಂಬ ನಿಯಮವಿದೆ. ಬೀಜದ ಸಹಜ ಬಣ್ಣವನ್ನೇ ಉಳಿಸಿಕೊಂಡ ಚಿತ್ರಗಳಿಗೂ ಬಣ್ಣ ಹಾಕಿದ ಬೀಜದ ಚಿತ್ರಗಳಿಗೂ ಬೇರೆಬೇರೆ ವಿಭಾಗಗಳಿವೆ. ನನ್ನ ಮೆಚ್ಚುಗೆ ಮೊದಲನೆಯದಕ್ಕೆ. ಈ ಕಲೆಗೆ ಹೆಸರು ತಂದುಕೊಟ್ಟವರು ಒವಟೋನಾ ಊರಿನ ಲಿಲಿಯನ್ ಕೋಲ್ಟನ್. 2007ರಲ್ಲಿ ತೀರಿಕೊಂಡ ಅವರು ದಶಕಗಳ ಕಾಲ ಬೀಜಗಳಲ್ಲಿ ಹೆಸರಾಂತರ ಮುಖಗಳನ್ನು ಮೂಡಿಸಿದರು.

ಕೈಕೆಲಸದಲ್ಲಿ ಆಸಕ್ತಿಯಿಲ್ಲದ ಆ ಇಬ್ಬರಿಗೆ ಡೈರಿ ಕಟ್ಟಡವನ್ನು ತೋರಿಸಿ. ಡೈರಿ ರಾಜಕುಮಾರಿ ಸ್ಪರ್ಧೆಯ ಕೊನೆಯ ಸುತ್ತಿಗೆ ಬಂದ ಹುಡುಗಿಯರ ಮುಖಗಳನ್ನು 90 ಪೌಂಡ್, ಅಂದರೆ ಸುಮಾರು 41 ಕಿಲೋ ತೂಕದ ಬೆಣ್ಣೆಯ ಗಟ್ಟಿಯಲ್ಲಿ ಜನರೆದುರೇ ಕೆತ್ತುತ್ತಾರೆ. ಸುತ್ತುತ್ತಿರುವ ಗಾಜಿನ ಶೀತಲ ಕೋಣೆಯೊಳಗೆ ಕಲಾವಿದರೂ ಆ ಹುಡುಗಿಯೂ ದಪ್ಪ ಕೋಟು ತೊಟ್ಟು ಕುಳಿತಿರುತ್ತಾರೆ. ಹೊರಗೆ ನಿಂತವರು ಆಗಸ್ಟಿನ ಸೆಕೆಗೆ ಬೆವರುತ್ತಿರುತ್ತಾರೆ. ಲಿಂಡಾ ಕ್ರಿಸ್ಟೆನ್ಸನ್ ಎಂಬವರು 2021ರವರೆಗೆ ಸುಮಾರು ಅರ್ಧ ಶತಮಾನ ಈ ಕೆಲಸ ಮಾಡಿದರು. ಇದನ್ನು ನೋಡಿ ಬೇಸರಪಟ್ಟವರನ್ನು ನಾನಂತೂ ಕಂಡಿಲ್ಲ.

ಉತ್ತರ 3: ಎಳೆ ಎಣಿಸುವವಳು

ತಂಗಿ, ಕಸೂತಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಸ್ಪರ್ಧೆಗೆ ವಸ್ತು ಕೊಡುವವರು ಮಿನ್ನೆಸೋಟದ ನಿವಾಸಿಗಳಾಗಿರಬೇಕು, ಕೆಲಸ ಅವರದೇ ಕೈಯದಾಗಿರಬೇಕು. ಮೇಳ ಶುರುವಾಗುವುದಕ್ಕೆ ಸಾಕಷ್ಟು ಮುಂಚೆಯೇ ಜಾಲತಾಣದಲ್ಲಿ ಹೆಸರು ನೋಂದಾಯಿಸಿ, ಹೇಳಿದ ದಿನದಂದು ವಸ್ತುವನ್ನು ತಲುಪಿಸಬೇಕಾಗುತ್ತದೆ. ಹಾಗಾಗಿ ಮೇಳಕ್ಕೆ ಹೋದ ದಿನ ಕೈಚೀಲದಲ್ಲಿ ಒಯ್ದರೆ ಯಾರೂ ತೆಗೆದುಕೊಳ್ಳುವುದಿಲ್ಲ. ಪ್ರತಿವರ್ಷ ಪ್ರಕಟವಾಗುವ ನಿಯಮ ಪುಸ್ತಕವನ್ನು ಅವರು ಪ್ರೀಮಿಯಂ ಬುಕ್ ಎನ್ನುತ್ತಾರೆ. ಅದರಲ್ಲಿ ವಿಭಾಗಗಳ ಪಟ್ಟಿಯಿದೆ. ಕಸೂತಿ ಎಂಬ ಹೆಸರನ್ನು ಅಲ್ಲಿ ಹುಡುಕಬೇಡಿ. ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಹೊಲಿಗೆಗಳ ವಿಭಾಗ ಎಲ್ಲಿದೆ ಎಂದು ನೋಡಿ. ನಾರ್ವೆಯಿಂದ ವಲಸೆ ಬಂದ ಕುಟುಂಬಗಳು ಮಿನ್ನೆಸೋಟದಲ್ಲಿ ಬಹಳವಿದ್ದು, ಅವರು ತಂದ ಹಾರ್ಡಾಂಗರ್ ಎಂಬ ಹೊಲಿಗೆ ಕೂಡ ಹೀಗೆ ಎಳೆ ಎಣಿಸಿಯೇ ಹಾಕುವ ಕೆಲಸ. ಅಲ್ಲಿನ ಹಳೆಯ ಕೈಗಳಿಗೆ ನಮ್ಮ ಲೆಕ್ಕಾಚಾರ ಅಷ್ಟೇನೂ ಹೊಸತಲ್ಲ. ನಮ್ಮ ಕಸೂತಿಯ ಗವಂತಿ ಹೊಲಿಗೆಯನ್ನೇ ಯುರೋಪಿನವರು ಹೋಲ್ಬೈನ್ ಹೊಲಿಗೆಯೆಂದು ಹಾಕುತ್ತ ಬಂದಿದ್ದಾರೆ: ಹೋಗುವಾಗ ಒಂದು ಬಿಟ್ಟು ಒಂದು ಟಾಕು, ಮರಳಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುವುದು. ಕಸೂತಿಯ ಇನ್ನೊಂದು ಹೊಲಿಗೆಯಾದ ಮೆಂತೆಯನ್ನು ಅವರು ಕ್ರಾಸ್ ಸ್ಟಿಚ್ ಎಂದು ತಕ್ಷಣ ಗುರುತಿಸುತ್ತಾರೆ.

ನಿಮ್ಮ ಗೆಳತಿಗೆ ಅನುಕೂಲವಾಗುವ ವಿಷಯ ಇನ್ನೊಂದಿದೆ. ಗಂಟು ಹಾಕದೆ, ಮುಂದೆಯೂ ಹಿಂದೆಯೂ ಒಂದೇ ರೀತಿ ಕಾಣುವಂತೆ ಗವಂತಿಯನ್ನು ಹಾಕುವುದು ನಮ್ಮಲ್ಲಿ ವಾಡಿಕೆ. ಕಸೂತಿ ಕೆಲಸವನ್ನು ಪರೀಕ್ಷಿಸುವವರು ಬಟ್ಟೆಯನ್ನು ಮಗುಚಿ ನೋಡುವುದು ಸಾಮಾನ್ಯ. ಹಿಂಬದಿಯಲ್ಲಿ ದಾರ ಅಡ್ಡಾದಿಡ್ಡಿ ಹಾಯ್ದಿದ್ದರೆ ಅಂಕ ಹೋಗುತ್ತದೆ. ಆ ಪರೀಕ್ಷೆಯಲ್ಲಿ ಗೋಪುರ, ತೇರು, ಅಂಬಾರಿಯ ಆನೆಯಂಥ ಕಸೂತಿ ಚಿತ್ತಾರಗಳೆಲ್ಲ ನಿರಾಯಾಸವಾಗಿ ಗೆಲ್ಲಬೇಕು. ಆದರೆ ಸೀರೆಯ ಸೆರಗಿನ ಬದಲು ಚಿಕ್ಕ ಮೇಜುಬಟ್ಟೆಯನ್ನೋ ಚೌಕಟ್ಟಿಗೆ ಹೊಂದುವ ತುಂಡನ್ನೋ ಆರಿಸುವುದು ಒಳ್ಳೆಯದು, ಏಕೆಂದರೆ ಮಡಿಸಿಟ್ಟ ಸೀರೆಯಲ್ಲಿ ಅರ್ಧ ಕೆಲಸ ಕಣ್ಣಿಗೇ ಬೀಳುವುದಿಲ್ಲ. ಜೊತೆಗೆ ಕಸೂತಿ ಎಂದರೇನೆಂದು ಎರಡು ಸಾಲು ಬರೆದುಕೊಡಲು ಅವಕಾಶವಿದ್ದರೆ ಬಿಡಬೇಡಿ.

ಕ್ವಿಲ್ಟುಗಳನ್ನು ನೋಡುವಾಗ ಉತ್ತರ ಕರ್ನಾಟಕದವರಿಗೆ ಕೌದಿ ನೆನಪಾಗುವುದು ಸಹಜ. ಆದರೂ ಎರಡೂ ಒಂದೇ ಎಂದುಕೊಳ್ಳಬೇಡಿ. ಅಲ್ಲಿನ ಕ್ವಿಲ್ಟಿನಲ್ಲಿ ತುಂಡುಗಳನ್ನು ಮೊದಲು ಲೆಕ್ಕದಂತೆ ಜೋಡಿಸಿ, ನಡುವೆ ಹತ್ತಿಯ ಪದರ ಇಟ್ಟು, ಆಮೇಲೆ ಮೂರೂ ಪದರಗಳನ್ನು ಸೇರಿಸಿ ಹೊಲಿಯುತ್ತಾರೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ಕೌದಿಯಾದರೋ ಅಂಚಿನಿಂದ ಶುರುವಾಗಿ, ಹಳೆಯ ಬಟ್ಟೆಯ ತುಂಡುಗಳನ್ನು ಇಡುತ್ತ ಹೊಲಿಯುತ್ತ ನಡುವಿಗೆ ಬಂದು ಮುಗಿಯುತ್ತದೆ. ಮುಂಚಿತವಾಗಿ ಬರೆದಿಟ್ಟ ನಕ್ಷೆಯಿರುವುದಿಲ್ಲ. ಕೈಯಿಂದ ಹೊಲಿದ ಕ್ವಿಲ್ಟುಗಳನ್ನೂ ಯಂತ್ರದಿಂದ ಹೊಲಿದವನ್ನೂ ಅಲ್ಲಿ ಬೇರೆಬೇರೆಯಾಗಿ ತೂಗಿ ನೋಡುತ್ತಾರೆ. ಕೈಹೊಲಿಗೆಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ.

ಪ್ರಶ್ನೆ ಕೇಳಿದವರು: ಧಾರವಾಡದ ದಾರ

ಮೂವರಿಗೂ ಧನ್ಯವಾದಗಳು. ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ನಾಲ್ವರೂ ಸೇರಿ ಬೀಜದ ಚಿತ್ರಗಳನ್ನು ನೋಡಿ, ಅನಂತರ ನಾವಿಬ್ಬರು ಕ್ರಿಯೇಟಿವ್ ಆಕ್ಟಿವಿಟೀಸ್‌ಗೂ ಅವರಿಬ್ಬರು ಸುಟ್ಟ ಮೆಕ್ಕೆಜೋಳದ ಕಡೆಗೂ ಹೋಗಿ, ಮಧ್ಯಾಹ್ನ ಬೆಣ್ಣೆಯ ಕೋಣೆಯ ಬಳಿ ಮತ್ತೆ ಸೇರುವುದೆಂದು ತೀರ್ಮಾನಿಸಿದ್ದೇವೆ. ಅಕ್ಕ, ತಾವು ಬರೆದದ್ದನ್ನು ಗೆಳತಿಗೆ ಓದಿ ಹೇಳಿದೆ. ಈ ವರ್ಷ ನೋಂದಣಿಯ ಅವಧಿ ಮೀರಿರುವುದರಿಂದ ಎಳೆ ಎಣಿಸುವ ವಿಭಾಗದ ಕಪಾಟನ್ನು ಚೆನ್ನಾಗಿ ನೋಡಿಕೊಂಡು ಬಂದು, ಮುಂದಿನ ವರ್ಷಕ್ಕೆ ತುಳಸಿ ವೃಂದಾವನದ ಒಂದು ತುಂಡನ್ನು ಹಾಕುತ್ತೇನೆ ಎನ್ನುತ್ತಿದ್ದಾಳೆ. ಬಟ್ಟೆಯ ವಿಷಯದಲ್ಲಿ ಮಾತ್ರ ಇನ್ನೂ ನಿರ್ಧಾರವಾಗಿಲ್ಲ: ಊರಿನಿಂದ ಕೈಮಗ್ಗದ ಇಳಕಲ್ ಬಟ್ಟೆ ತರಿಸುವುದೋ, ಇಲ್ಲಿಯೇ ಸಿಗುವ, ಎಳೆ ಎಣಿಸಲು ಸುಲಭವಾದ ಲಿನನ್ ಕೊಳ್ಳುವುದೋ? ಇದರ ಅನುಭವ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 4: ಎಳೆ ಎಣಿಸುವವಳು

ಮೊದಲ ಸಲಕ್ಕೆ ಲಿನನ್ ಸಾಕು, ತಂಗಿ. ಉದ್ದಕ್ಕೂ ಅಡ್ಡಕ್ಕೂ ಇಂಚಿಗೆ ಒಂದೇ ಸಂಖ್ಯೆಯ ಎಳೆ ಇರುವಂಥದ್ದನ್ನು ಕೇಳಿ ತೆಗೆದುಕೊಳ್ಳಲಿ. ಇಲ್ಲದಿದ್ದರೆ ವೃಂದಾವನ ಒಂದು ಕಡೆಗೆ ಎಳೆದಂತಾಗಿ, ಚೌಕ ಚೌಕವಾಗಿ ಕೂರುವುದಿಲ್ಲ. ಇಳಕಲ್ ರೇಷ್ಮೆಯ ಎಳೆ ಬಹಳ ಸಣ್ಣ, ಅದಕ್ಕೆ ಹಗಲು ಬೆಳಕೂ ಎಳೆಯ ಕಣ್ಣೂ ಬೇಕು.