ನಗರ ಯೋಜಕಿಯನ್ನು ಕೇಳಿ: ರಾಜಕಾಲುವೆ, ಖಾತಾ, ವಾರ್ಡ್ ಸಮಿತಿ

ಅಡ್ಮಿನ್: ಬೆಂಗಳೂರಿನ ಬಡಾವಣೆಗಳ ಗುಂಪಿಗೆ ಇವತ್ತು ನಗರ ಯೋಜಕಿ ಮೇಡಂ ಬಂದಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಎರಡನೇ ಅಡ್ಡರಸ್ತೆ: ಮೇಡಂ, ಮನೆ ಕಟ್ಟುವಾಗ ಮಳೆನೀರಿನ ರಾಜಕಾಲುವೆಯಿಂದ ಎಷ್ಟು ಜಾಗ ಬಿಡಬೇಕು? 75 ಮೀಟರ್ ಅಂತ ಮೆಸೇಜ್ ಓಡಾಡ್ತಿದೆ.

ಯೋಜಕಿ: ಹಳೇ ಮೆಸೇಜ್. 75 ಮೀಟರ್ ಅಂದದ್ದು ಕೆರೆಗೆ, 2016ರ ಹಸಿರು ನ್ಯಾಯಮಂಡಳಿ ಆದೇಶದಲ್ಲಿ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮತ್ತೆ ನಗರದ ಪರಿಷ್ಕೃತ ಮಹಾಯೋಜನೆ (ಮಾಸ್ಟರ್ ಪ್ಲಾನ್) 2015ರ ಅಳತೆಗೇ ಬಂದೆವು: ಪ್ರಾಥಮಿಕ, ಅಂದರೆ ಮುಖ್ಯ ಕಾಲುವೆಗೆ 50, ಅದಕ್ಕೆ ಸೇರುವ ದ್ವಿತೀಯಕ್ಕೆ 25, ಇನ್ನೂ ಚಿಕ್ಕ ತೃತೀಯಕ್ಕೆ 15 ಮೀಟರ್, ಕಾಲುವೆಯ ನಡುಗೆರೆಯಿಂದ. (ಅದರ ಬದಲಿಗೆ ತರಬೇಕಿದ್ದ 2031ರ ಯೋಜನೆಯ ಕರಡು ಬಂದ ದಾರಿಯಲ್ಲೇ ವಾಪಸ್ ಹೋಯಿತು.) ತಿದ್ದುಪಡಿ ಬಂದಿದೆಯಾ ಅಂತ ಪ್ಲಾನ್ ಹಾಕುವ ಮುಂಚೆ ವಿಚಾರಿಸಿ.

ಹಿಂದಿನ ಗೇಟ್: ನಮ್ಮ ಲೇಔಟ್ ಹಿಂದೆ 3 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ತೆರೆದ ಕಾಲುವೆ. 200 ಮೀಟರ್ ಕೆಳಗೆ ಒಬ್ಬ ಬಿಲ್ಡರ್ 900 ಎಂಎಂ ವ್ಯಾಸದ ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಎರಡು ಸಾಲು ಇಟ್ಟು, ಮೇಲೆ ಮಣ್ಣು ಸುರಿದು ರಸ್ತೆ ಮಾಡ್ತಿದ್ದಾನೆ. "ನೀರಿಗೆ ದಾರಿ ಬಿಟ್ಟಿದೀನಲ್ಲ" ಅಂತಾನೆ. ಮೇಲಿಂದ ಸುಮಾರು 40 ಹೆಕ್ಟೇರ್ ಜಾಗದ ಮಳೆನೀರು ಇದರಲ್ಲೇ ಬರುತ್ತೆ.

ಯೋಜಕಿ: ಇದನ್ನು ಮಳೆಗಾಲದ ತನಕ ಬಿಡಬೇಡಿ. ನಿಮ್ಮ ಕಾಲುವೆಯ ಬಾಯಿ 4.5 ಚದರ ಮೀಟರ್. ಎರಡು ಪೈಪ್ ಸೇರಿಸಿದರೆ 1.27. ಮೂರನೇ ಒಂದು ಪಾಲೂ ಇಲ್ಲ. ಮನೆ ತುಂಬಿದ ಜಾಗಕ್ಕೆ ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದು ಹೋಗುವ ಪಾಲು) 0.7, ಮಳೆ ಗಂಟೆಗೆ 60 ಮಿ.ಮೀ. ರಭಸದಲ್ಲಿ ಅಂತ ಇಟ್ಟುಕೊಳ್ಳಿ. 0.7 × 60 × 40 ÷ 360, ಅಂದರೆ ಸೆಕೆಂಡಿಗೆ 4.7 ಘನ ಮೀಟರ್ ಬರುತ್ತದೆ. ಪೈಪಿನಲ್ಲಿ ನೀರು ಸೆಕೆಂಡಿಗೆ 2 ಮೀಟರ್ ಓಡಿದರೂ ದಾಟುವುದು 2.5 ಮಾತ್ರ. ಅಂಥ ಮಳೆ ಅರ್ಧ ಗಂಟೆ ಹೊಡೆದರೆ ಹೆಚ್ಚುಕಮ್ಮಿ 40 ಲಕ್ಷ ಲೀಟರ್ ನಿಮ್ಮ ಕಡೆಗೆ ಹಿಮ್ಮೆಟ್ಟುತ್ತದೆ. ಮುಚ್ಚಿದವನ ಮನೆ ಒಣಗಿಯೇ ಇರುತ್ತದೆ, ಮುಳುಗುವುದು ಮೇಲಿನವರು. ಇದೂ ಪೈಪ್ ಶುದ್ಧವಾಗಿದ್ದಾಗಿನ ಲೆಕ್ಕ. ಒಂದು ಹಳೇ ಹಾಸಿಗೆ ಬಾಯಿಗೆ ಸಿಕ್ಕಿಕೊಂಡರೆ ಮುಗಿಯಿತು. ತೆರೆದ ಕಾಲುವೆಯ ಹೂಳನ್ನು ಜೆಸಿಬಿ ತೆಗೆಯುತ್ತದೆ, 900ರ ಪೈಪಿನೊಳಗೆ ಯಾರು ಇಳಿಯುತ್ತಾರೆ?

ಟೇಪ್ ಹಿಡಿದು ಅಳತೆ ಕಾಣುವ ಹಾಗೆ ಫೋಟೋ ತೆಗೆಯಿರಿ. ಆ ಜಾಗದಲ್ಲೇ ನಿಂತು ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ. ಅದರ ಸ್ಕ್ರೀನ್‌ಶಾಟ್ ಸಾಕ್ಷಿಯಲ್ಲ, ಬರೀ ದಾರಿ ತೋರಿಸುತ್ತದೆ. ಸರ್ವೆ ಇಲಾಖೆಯಿಂದ ಗ್ರಾಮ ನಕಾಶೆ, ಟಿಪ್ಪಣಿ (ಅಳತೆಯ ನಕ್ಷೆ), ಆಕಾರಬಂದ್ (ವಿಸ್ತೀರ್ಣದ ದಾಖಲೆ) ಇವುಗಳ ದೃಢೀಕೃತ ಪ್ರತಿ ತನ್ನಿ. ಪಹಣಿಯಲ್ಲಿ ಖರಾಬು ಕಾಲಂ ನೋಡಿ. ಎ ಖರಾಬು ಬೇಸಾಯಕ್ಕೆ ಬಾರದ ನೆಲ. ಬಿ ಖರಾಬು ಅಂದರೆ ಹಳ್ಳ, ಕಾಲುವೆ, ದಾರಿ, ಸಾರ್ವಜನಿಕರದ್ದು. ಕ್ರಯಪತ್ರದಲ್ಲಿ "ಖರಾಬು ಸೇರಿ" ಅಂತ ಬರೆಸಿಕೊಂಡರೂ ಬಿ ಖರಾಬು ಯಾರ ಸ್ವತ್ತೂ ಆಗಲ್ಲ.

ಅರ್ಜಿ ಮೂರು, ಬೇರೆಬೇರೆ. ತಹಶೀಲ್ದಾರರಿಗೆ: ಜಂಟಿ ಸರ್ವೆ, ಒತ್ತುವರಿ ಇದ್ದರೆ ಭೂಕಂದಾಯ ಕಾಯ್ದೆ 1964ರ 104ನೇ ಕಲಮಿನಡಿ ತೆರವು. ಪಾಲಿಕೆಯ ಮಳೆನೀರು ಕಾಲುವೆ ವಿಭಾಗಕ್ಕೆ: ಪೈಪ್ ಇಡಲು ಅನುಮತಿ ಕೊಟ್ಟವರು ಯಾರು, ಹರಿವಿನ ಲೆಕ್ಕ ಎಲ್ಲಿ. ನಗರ ಯೋಜನೆ ವಿಭಾಗಕ್ಕೆ: ಮಂಜೂರಾದ ನಕ್ಷೆ. ಮೂರನ್ನೂ ಒಂದೇ ಕಾಗದಕ್ಕೆ ತುರುಕಿದರೆ ಮೂರೂ ಕಡೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅಂತ ಹಿಂಬರಹ ಸಿಗುತ್ತದೆ. ಸ್ವೀಕೃತಿ ಸೀಲ್ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ. ಮಾಹಿತಿ ಹಕ್ಕಿನಲ್ಲಿ ಕೇಳುವುದಾದರೆ 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ.

ಮೂಲೆ ಸೈಟು: ಕಾಲುವೆ ಪಕ್ಕದ ನಮ್ಮ ಸೈಟಿಗೆ ಖಾತಾ ಇದೆ. ಅಂದ್ಮೇಲೆ ಸಕ್ರಮ ತಾನೇ?

ಯೋಜಕಿ: ಅಲ್ಲ. ಖಾತಾ ತೆರಿಗೆ ದಾಖಲೆ, ಹಕ್ಕುಪತ್ರವಲ್ಲ.

ಮೂಲೆ ಸೈಟು: ಅಕ್ರಮ-ಸಕ್ರಮದಲ್ಲಿ ಆಗುತ್ತೆ ಅಂತ ನಮ್ಮ ಏಜೆಂಟ್...

ಯೋಜಕಿ: ಅಕ್ರಮ ಕಟ್ಟಡಕ್ಕೆ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಏಜೆಂಟರಿಗೆ ಮುಂಗಡ ಕೊಡಬೇಡಿ.

ಪಾರ್ಕ್ ವಾಕರ್: ಪಾರ್ಕಿನ ಜಿಮ್ ಮುರಿದಿದೆ, ಯಾರಿಗೆ ಹೇಳೋದು?

ಫ್ಲ್ಯಾಟ್ ಸಂಘ: ಫಾರ್ವರ್ಡ್ ಆಗಿ ಬಂದದ್ದು: ಬೆಲ್ಲ, ತೌಡು, ಮಣ್ಣು ಕಲಸಿದ ಉಂಡೆ ಕೆರೆಗೆ ಎಸೆದರೆ 15 ದಿನದಲ್ಲಿ ನೀರು ತಿಳಿಯಾಗುತ್ತಂತೆ 🙏

ಯೋಜಕಿ: ದಯವಿಟ್ಟು ಎಸೆಯಬೇಡಿ. ಬೆಲ್ಲವೂ ತೌಡೂ ಕೊಳೆಯುವ ಪದಾರ್ಥ, ನೀರಿನಲ್ಲಿ ಉಳಿದ ಆಮ್ಲಜನಕವನ್ನೂ ಹೀರುತ್ತವೆ. ಬೆಳಗಿನ ಜಾವಕ್ಕೆ ಮೀನು ಸತ್ತು ತೇಲಬಹುದು. ಒಳಚರಂಡಿ ನೀರು ದಿನಾ ಬಂದು ಬೀಳುವಾಗ ಉಂಡೆ ಏನು ಮಾಡೀತು? ಮಳೆ ಇಲ್ಲದ ದಿನ ಕಾಲುವೆಯಲ್ಲಿ ನೀರು ಹರಿಯುತ್ತಿದ್ದರೆ ಅದು ಹೆಚ್ಚಾಗಿ ಕೊಳಚೆ. ಅದು ಎಲ್ಲಿ ಸೇರುತ್ತಿದೆ ಅಂತ ಮ್ಯಾನ್‌ಹೋಲ್‌ನಿಂದ ಮ್ಯಾನ್‌ಹೋಲಿಗೆ ಹುಡುಕಿ ಜಲಮಂಡಳಿಗೆ ಬರೆಯಿರಿ.

ಕೋಲಾರದವ: ನಿಮ್ಮ ಬೆಂಗಳೂರಿನ ಕೊಳಚೆನ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ಕಣಿವೆ ಯೋಜನೆ ಅಂತ ನಮ್ಮ ಕೆರೆಗೆ ಬಿಟ್ಟು, ಇಲ್ಲಿ ಕೂತು ಕೆರೆ ಶುದ್ಧಿ ಮಾತಾಡ್ತೀರಾ?

ಎರಡನೇ ಅಡ್ಡರಸ್ತೆ: 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಈ ನೀರು ಬಂದಾಗ ಪೂಜೆ ಮಾಡಿದವರು ನೀವೇ ಅಲ್ವಾ ಸ್ವಾಮಿ?

ಕೋಲಾರದವ: ಬರ ಬಿದ್ದವನು ಏನು ಕೊಟ್ಟರೂ ಕೈ ಒಡ್ಡುತ್ತಾನೆ. ಮೂರನೇ ಹಂತದ ಶುದ್ಧೀಕರಣ ಕೇಳಿದ್ರೆ ಯಾರೂ ಬಾಯಿ ಬಿಡಲ್ಲ.

ಮೂಲೆ ಸೈಟು: ಹಾಗಾದ್ರೆ ವಾಲ್ವ್ ಮುಚ್ಚಿಸ್ಕೊಳ್ಳಿ.

ಕೋಲಾರದವ: ನೀವು ಮೊದಲು ಕಾಲುವೆ ಮೇಲಿಂದ ಏಳಿ!

ಯೋಜಕಿ: ಕೋಲಾರದವರು ಕೇಳುತ್ತಿರುವುದು ನ್ಯಾಯ. ಅದು ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು, ಅಂತರ್ಜಲ ಮರುಪೂರಣಕ್ಕೆ. ನೇರ ಕುಡಿಯಲು ಅಲ್ಲ. ಕೆರೆ ಪಕ್ಕದ ಬೋರ್‌ವೆಲ್ ನೀರನ್ನು ಕುಡಿಯುತ್ತಿದ್ದರೆ ನೈಟ್ರೇಟ್, ಕೋಲಿಫಾರ್ಮ್ (ಕೊಳಚೆ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸುತ್ತಿರಿ.

ಹೊಸ ಬಾಡಿಗೆದಾರ: ವಾರ್ಡ್ ಸಮಿತಿಗೆ ಹೇಳಿದ್ರೆ ಇದೆಲ್ಲ ಸರಿಹೋಗಲ್ವಾ?

ಯೋಜಕಿ: ಸಂವಿಧಾನದ 243ಎಸ್ ವಿಧಿ 3 ಲಕ್ಷ ಅಥವಾ ಹೆಚ್ಚು ಜನರಿರುವ ಊರಿಗೆ ವಾರ್ಡ್ ಸಮಿತಿ ಇರಬೇಕು ಅನ್ನುತ್ತದೆ. ಇಲ್ಲಿ 2020ರ ಸೆಪ್ಟೆಂಬರ್‌ಗೆ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಸದಸ್ಯನಿಲ್ಲದ ಸಭೆಯಲ್ಲಿ ಎಂಜಿನಿಯರ್ "ನೋಟ್ ಮಾಡ್ಕೊಂಡೆ" ಅಂದರೆ ಮುಗಿಯಿತು. ಆದರೂ ಹೋಗಿ, ನಿಮ್ಮ ದೂರು ನಡಾವಳಿಯಲ್ಲಿ ಬರೆಯುವ ತನಕ ಏಳಬೇಡಿ. ಒಂದೇ ಇದ್ದ ಪಾಲಿಕೆ 2025ರಲ್ಲಿ ಐದು ಪಾಲಿಕೆಗಳಾಗಿದೆ, ನಿಮ್ಮ ಬೀದಿ ಯಾವುದಕ್ಕೆ ಬಿತ್ತು ಅಂತ ಮೊದಲು ನೋಡಿ.

ಎರಡನೇ ಮಹಡಿ: ಮೇಡಂ, ರಾಜಕಾಲುವೆಗೆ ಎಷ್ಟು ಮೀಟರ್ ಬಿಡಬೇಕು?

ಯೋಜಕಿ: ಮೇಲೆ ಓದಿ.

ಎರಡನೇ ಮಹಡಿ: ಓದೋಕೆ ಟೈಮ್ ಇದ್ದಿದ್ರೆ ಕೇಳ್ತಿದ್ನಾ?

ಹಿಂದಿನ ಗೇಟ್: ಮೇಡಂ, ಪಹಣಿ ನೋಡಿದೆ. 14 ಗುಂಟೆ ಬಿ ಖರಾಬು ಅಂತಿದೆ.

ಯೋಜಕಿ: ಹಾಗಾದರೆ ನಾಳೆಯೇ ತಹಶೀಲ್ದಾರ್ ಕಚೇರಿ. ಟಿಪ್ಪಣಿಗೆ ಕಾಯಬೇಡಿ, ಆಮೇಲೆ ಲಗತ್ತಿಸಬಹುದು. ಪೈಪ್ ಮೇಲೆ ಕಾಂಕ್ರೀಟ್ ಬಿದ್ದ ಮೇಲೆ ತೆಗೆಸುವುದು ಕಷ್ಟ.

ಪಾರ್ಕ್ ವಾಕರ್: ಜಿಮ್?

ಅಡ್ಮಿನ್: ಕಾಮೆಂಟ್ ಬಂದ್ ಮಾಡ್ತಿದ್ದೇನೆ. ಮೂಲೆ ಸೈಟು ಮತ್ತು ಕೋಲಾರದವರು ಫೋನಲ್ಲಿ ಮುಂದುವರಿಸಿಕೊಳ್ಳಿ.