ಸಹಾಯ ಬೇಕು: ಕರಗ ಹೊತ್ತವರ ಮನೆಯವರೊಂದಿಗೆ ಮಾತನಾಡಬೇಕಿದೆ

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದವಳು. ಗಂಡು ಹೆಣ್ಣೆಂಬ ಭೇದವನ್ನು ಬೇರೆ ಬೇರೆ ಸಂಸ್ಕೃತಿಗಳು ಹೇಗೆ ಕಂಡಿವೆ ಎಂಬ ವಿಷಯದ ಮೇಲೆ ಸ್ನಾತಕೋತ್ತರ ಪದವಿಗಾಗಿ ಕಿರುಪ್ರಬಂಧ ಬರೆಯುತ್ತಿದ್ದೇನೆ.

ಗಂಡಿನ ಗುಣ, ಹೆಣ್ಣಿನ ಗುಣ ಎಂದು ನಾವು ಕರೆಯುವುದರಲ್ಲಿ ಹೆಚ್ಚಿನದು ಹುಟ್ಟಿನಿಂದಲ್ಲ, ಬೆಳೆಸಿದ ರೀತಿಯಿಂದ ಬರುತ್ತದೆ ಎಂದು ನ್ಯೂಗಿನಿಯ ಮೂರು ಸಮುದಾಯಗಳ ನಡುವೆ ಕೆಲಸ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ 1935ರಲ್ಲಿ ವಾದಿಸಿದರು. ಅವರ ಕ್ಷೇತ್ರಕಾರ್ಯಕ್ಕೆ ನಂತರದವರು ಆಕ್ಷೇಪ ಎತ್ತಿದ್ದರೂ ಆ ಪ್ರಶ್ನೆ ಇನ್ನೂ ಜೀವಂತವಾಗಿದೆ. ಇಂಡೋನೇಷ್ಯಾದ ಬುಗಿಸ್ ಜನರು ಐದು ಲಿಂಗತ್ವಗಳನ್ನು ಗುರುತಿಸುತ್ತಾರೆ. ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ, ಸಿಗದಿರುವುದು ನಮ್ಮೂರಿನದೇ.

ದ್ರೌಪದಿಯ ಕರಗ ಹೊರುವ ತಿಗಳ ಸಮುದಾಯದ ಪೂಜಾರಿ ಸೀರೆಯುಟ್ಟು, ಕೈತುಂಬ ಬಳೆ ತೊಟ್ಟು, ಮಲ್ಲಿಗೆಯ ಕರಗವನ್ನು ತಲೆಯ ಮೇಲಿಟ್ಟು ಬೀದಿಗೆ ಬಂದಾಗ ನನ್ನ ಅಜ್ಜಿ ‘ಅಮ್ಮ ಬಂದ್ಳು’ ಎಂದು ಕೈಮುಗಿಯುತ್ತಿದ್ದರೇ ಹೊರತು, ಗಂಡಸೊಬ್ಬ ಹೆಣ್ಣುವೇಷ ಹಾಕಿದ್ದಾನೆ ಎಂದು ಒಮ್ಮೆಯೂ ಹೇಳಲಿಲ್ಲ. ಉತ್ಸವ ಮುಗಿದ ಮೇಲೆ ಅವರು ಮತ್ತೆ ಒಂದು ಮನೆಯ ಗಂಡ, ತಂದೆ. ಇದನ್ನು ಸವದತ್ತಿ ಎಲ್ಲಮ್ಮನಿಗೆ ಮುಡಿಪಾಗಿ ಹೆಣ್ಣುಡುಗೆಯಲ್ಲೇ ಬಾಳುವ ಜೋಗಪ್ಪಗಳ ಬದುಕಿನೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪೆಂದು ನನ್ನ ನಂಬಿಕೆ. ಅದು ಬಾಳಿನುದ್ದಕ್ಕೂ ಹೊತ್ತ ಗುರುತು, ಇದು ವ್ರತದ ಅವಧಿಯದು.

ಕೋಲಾರ ಅಥವಾ ತುಮಕೂರಿನ ಕಡೆ ಹಿಂದೆ ಕರಗ ಹೊತ್ತ ಹಿರಿಯರು, ಮುಖ್ಯವಾಗಿ ಅವರ ಮನೆಯ ಹೆಣ್ಣುಮಕ್ಕಳು, ನಿಮಗೆ ಪರಿಚಯವಿದ್ದರೆ ದಯವಿಟ್ಟು ಅವರ ಒಪ್ಪಿಗೆ ಕೇಳಿ ನನಗೆ ತಿಳಿಸಿ. ಆ ದಿನಗಳಲ್ಲಿ ಹೆಂಡತಿ ಗಂಡನನ್ನು ಏನೆಂದು ಕರೆಯುತ್ತಾಳೆ, ಮನೆಯೊಳಗಿನ ಕಟ್ಟುಪಾಡುಗಳೇನು ಎಂಬುದನ್ನು ಅವರ ಬಾಯಿಂದಲೇ ಕೇಳಬೇಕಿದೆ. ಪ್ರಬಂಧದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ.